ಉಸಿರಾಡುವ ಬಂಡೆಗೆ ಬಂದವರು

ಇಲಾಖೆಯಿಂದ ಬಂದ ಕಾಗದಕ್ಕೆ ಎರಡು ಹಾಳೆಗಳಿದ್ದವು. ಬಂಡೆಯ ಕಾವಲುಗಾರ ಓದಿದ್ದು ಒಂದನ್ನು ಮಾತ್ರ. ಎರಡನೆಯದನ್ನು ಓದುವ ಮುನ್ನ ಕನ್ನಡಕ ಒರೆಸಿಕೊಳ್ಳೋಣವೆಂದು ಅದನ್ನು ಬೆಂಚಿನ ಮೇಲಿಟ್ಟ. ಕನ್ನಡಕ ಮತ್ತೆ ಮೂಗಿಗೇರುವಷ್ಟರಲ್ಲಿ ಹಾಳೆ ಇರಲಿಲ್ಲ.

ಅವನ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಯಾರು ಏನು ಕೇಳಿದರೂ "ಆಗ್ಲಿ ಬಿಡಿ" ಅನ್ನುತ್ತಿದ್ದುದರಿಂದ ಎಲ್ಲರಿಗೂ ಅವನು ಆಗ್ಲಿಬಿಡಣ್ಣ. ಅವನು ಕಾಯುತ್ತಿದ್ದುದು ಊರಂಚಿನ ಒಂದು ಬಂಡೆಗುಡ್ಡವನ್ನು. ಊಟವಾದ ಮೇಲೆ ಒರಗಿದ ಹಿರಿಯರಂತೆ ಅದು ಒಂದು ಪಕ್ಕಕ್ಕೆ ಮಲಗಿತ್ತು. ಅದರ ಬುಡದಲ್ಲಿ ಆಳೆತ್ತರದ, ಕೈ ತೂರುವಷ್ಟೇ ಅಗಲದ ಒಂದು ಬಿರುಕು. ಬಿಸಿಲೇರಿದಂತೆ ಆ ಬಿರುಕಿನಿಂದ ತಣ್ಣನೆಯ ಗಾಳಿ ಹೊರಗೆ ಬೀಸುತ್ತಿತ್ತು. ಬಿಸಿಲಿಳಿದ ಮೇಲೆ ಅದು ಗಾಳಿಯನ್ನು ಒಳಗೆ ಸೇದುತ್ತಿತ್ತು. ಬಂಡೆ ಹಗಲೆಲ್ಲ ಉಸಿರು ಬಿಡುತ್ತದೆ, ಸಂಜೆಯಿಂದ ಎಳೆದುಕೊಳ್ಳುತ್ತದೆ, ಅಷ್ಟೆ. ಯಾವುದೋ ಕಾಲದ ಅರಸನೊಬ್ಬ ಇದನ್ನು ಕಂಡು, ತನ್ನ ಹಣ್ಣು ಹೂವು ಬಾಡದಿರಲೆಂದು ಬಿರುಕಿಗೆ ಒತ್ತಿಕೊಂಡಂತೆ ಕಲ್ಲಿನ ಕೋಣೆಯೊಂದನ್ನು ಕಟ್ಟಿಸಿದ್ದ. ಪ್ರಕೃತಿಯ ಅಚ್ಚರಿಯೂ ಇತಿಹಾಸದ ಕಟ್ಟಡವೂ ಒಂದೇ ಕಡೆ. ಇಲಾಖೆಯ ಕಡತದಲ್ಲಿ ಮಾತ್ರ ಅದು 'ತಾಣ ಸಂಖ್ಯೆ ಅರವತ್ತೊಂದು'.

ನೋಡಲು ಯಾರೂ ಬರುತ್ತಿರಲಿಲ್ಲ. ಕಳೆದ ತಿಂಗಳು ನಾಲ್ಕು ಜನ ಬಂದಿದ್ದರು. ಅವರಲ್ಲಿ ಒಬ್ಬ ವಿಳಾಸ ಕೇಳಿಕೊಂಡು ಬಂದವನು, ಇನ್ನೊಬ್ಬ ತಪ್ಪಿಸಿಕೊಂಡ ಆಡು ಹುಡುಕಿಕೊಂಡು ಬಂದವನು. ಆಗ್ಲಿಬಿಡಣ್ಣ ಇಬ್ಬರಿಂದಲೂ ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡಿದ್ದ.

ಈ ನಿಶ್ಶಬ್ದ ಅವನಿಗೆ ಹಿತವಾಗಿತ್ತು. ಹತ್ತು ಜನ ಒಟ್ಟಿಗೆ ಮಾತಾಡಿದರೆ ಅವನಿಗೆ ತಲೆ ಸುತ್ತು ಬರುತ್ತಿತ್ತು. ಅವನ ಭಾವಮೈದುನ ದೊಡ್ಡ ಕೋಟೆಯ ಬಾಗಿಲಲ್ಲಿ ಕೆಲಸಕ್ಕಿದ್ದ. ದಿನಕ್ಕೆ ಎಂಟು ಸಾವಿರ ಜನರನ್ನು ಸೀಟಿ ಊದಿ ಸಾಲು ಹಚ್ಚಿ ಹಚ್ಚಿ, ಮನೆಯಲ್ಲಿ ಉಪ್ಪು ಬೇಕಾದರೂ ಈಗ ಸೀಟಿ ಊದಿಯೇ ಕೇಳುತ್ತಾನೆಂದು ಸುದ್ದಿ. ಇಲ್ಲಿಯೇ ಇನ್ನು ಮೂರು ವರ್ಷ ಕೂತು, ಇಲ್ಲಿಂದಲೇ ನಿವೃತ್ತನಾಗಬೇಕು. ಆಗ್ಲಿಬಿಡಣ್ಣನಿಗೆ ಜೀವನದಲ್ಲಿ ಬೇರೆ ಆಸೆ ಇರಲಿಲ್ಲ.

ಅಂಥವನಿಗೆ ಬಂದ ಮೊದಲ ಹಾಳೆಯಲ್ಲಿ ಹೀಗಿತ್ತು: 'ತಾಣ ಸಂಖ್ಯೆ ಅರವತ್ತೊಂದನ್ನು ವಿಶೇಷ ಪಟ್ಟಿಗೆ ಸೇರಿಸುವ ವಿಷಯ ಪರಿಶೀಲನೆಯಲ್ಲಿದೆ. ಸೇರಿದ ತಾಣಗಳಲ್ಲಿ ಈಗಿರುವ ಕಾವಲುಗಾರರನ್ನೇ ಮುಂದುವರಿಸಲಾಗುವುದು. ಸೇರದ ತಾಣಗಳ ಸಿಬ್ಬಂದಿಯನ್ನು ಬೇರೆಡೆಗೆ ವರ್ಗಾಯಿಸಲಾಗುವುದು. ಅಧಿಕಾರಿಗಳು ಬರುವ ಬುಧವಾರ ಖುದ್ದು ಬಂದು ಸಂದರ್ಶಕರ ಪುಸ್ತಕವನ್ನು ನೋಡುವರು. ಪಟ್ಟಿಗೆ ಸೇರಲು, ತಿಂಗಳೊಂದಕ್ಕೆ ಭೇಟಿ ನೀಡುವವರ ಸಂಖ್ಯೆಯು'

ಅಲ್ಲಿಗೆ ಹಾಳೆ ಮುಗಿದಿತ್ತು. ಇಲಾಖೆ ಮಾತಿನ ನಡುವೆ ಆಕಳಿಸಿದಂತಿತ್ತು.

ಆಗ ಸಂಜೆಯಾಗಿತ್ತು, ಬಂಡೆ ಉಸಿರೆಳೆಯುವ ಹೊತ್ತು. ಹಾಳೆ ಒಳಗೆ ಹೋಯಿತೆಂದೇ ಅವನು ತಿಳಿದ. ಹಾಗೆ ಹೋದದ್ದು ಬೆಳಿಗ್ಗೆ ಉಸಿರಿನ ಜೊತೆ ಹೊರಗೆ ಬರುವುದು ವಾಡಿಕೆ. ಕ್ಷೌರದಂಗಡಿಯವನ ಕರವಸ್ತ್ರ ಎರಡು ಸಲ ಹೋಗಿ ಎರಡು ಸಲವೂ ತಣ್ಣಗೆ ವಾಪಸು ಬಂದಿತ್ತು. ಮೂರು ದಿನ ಆಗ್ಲಿಬಿಡಣ್ಣ ಬೆಳಿಗ್ಗೆ ಬಿರುಕಿನೆದುರು ಕುಕ್ಕರುಗಾಲಲ್ಲಿ ಕೂತ. ನಾಲ್ಕು ಒಣಗಿದೆಲೆ, ಒಂದು ಜೇಡ ಬಂದವು. ಹಾಳೆ ಬರಲಿಲ್ಲ.

"ಕಚೇರಿಗೊಂದು ಫೋನ್ ಮಾಡಿ ಕೇಳ್ಬಾರ್ದೇನ್ರೀ?" ಎಂದಳು ಹೆಂಡತಿ.

"ಅಯ್ಯೋ, ಬೇಡ ಅತ್ತಿಗೆ!" ಎಂದು ಅಡ್ಡ ಬಂದವನು ದರ್ಜಿ. "ಒಂದು ಹಾಳೆ ಕಾಯೋಕಾಗದೋನು ಬಂಡೆ ಏನು ಕಾಯ್ತಾನೆ ಅಂತ ಕೇಳ್ತಾರೆ. ಅಷ್ಟಕ್ಕೂ ಎರಡನೇ ಹಾಳೇಲಿ ಏನಿರತ್ತೆ? ಸಹಿ ಇರತ್ತೆ, ಸೀಲಿರತ್ತೆ."

ಗೇಟಿನೆದುರು ಮೂರು ಅಂಗಡಿಗಳಿದ್ದವು. ದರ್ಜಿಯದು, ಕ್ಷೌರದವನದು, ಚಹಾ ಮಾರುವ ಅಕ್ಕನದು. ಮೂವರೂ ಬಂಡೆಯ ಉಸಿರಿನಲ್ಲೇ ಬದುಕುತ್ತಿದ್ದರು. ಅಕ್ಕನ ಹಾಲಿನ ಕ್ಯಾನು ಅರಸನ ಕೋಣೆಯಲ್ಲಿರುತ್ತಿತ್ತು. ದರ್ಜಿಯ ಹೊಲಿಗೆ ಯಂತ್ರ ಮಧ್ಯಾಹ್ನವಾದರೆ ಬಿರುಕಿನೆದುರಿಗೆ ಬರುತ್ತಿತ್ತು. ಕ್ಷೌರದವನು ಗಿರಾಕಿಗಳ ಒದ್ದೆ ತಲೆಯನ್ನು ಅಲ್ಲಿಯೇ ಒಣಗಿಸುತ್ತಿದ್ದ. ಒಬ್ಬೊಬ್ಬರೂ ಕೇಳಿದಾಗ ಆಗ್ಲಿಬಿಡಣ್ಣ ಏನೆಂದಿದ್ದನೆಂದು ಬೇರೆ ಹೇಳಬೇಕಿಲ್ಲ.

"ಪಟ್ಟಿಗೆ ಸೇರಲಿಲ್ಲಾಂದ್ರೆ ಬೀಗ ಜಡೀತಾರೆ ತಮ್ಮಾ," ಎಂದಳು ಅಕ್ಕ. "ಸಂಖ್ಯೆ ಅಂತ ಕೇಳಿದಾರೆ ಅಂದ್ರೆ ಏನರ್ಥ? ಜನ ಬರ್ಬೇಕು. ನಿನ್ನ ಪುಸ್ತಕದಲ್ಲಿ ಏನಿದೆ? ಒಂದು ಆಡು."

"ಆಡಲ್ಲ ಅಕ್ಕಾ, ಆಡಿನೋನು."

"ಎರಡೂ ಒಂದೇ. ಹೊಸ ಪುಸ್ತಕ ತೆಗಿ. ಮೂರು ತಿಂಗಳಿಂದು ನಾವು ಬರ್ಕೊಡ್ತೀವಿ."

"ಸುಳ್ಳು ಬರೆಯೋದಾ?"

"ಬಂದಿದ್ರೆ ಬರೀತಿದ್ರಲ್ಲ," ಎಂದ ಕ್ಷೌರದವನು. "ಬಾರದೇ ಇದ್ದದ್ದು ಅವರ ತಪ್ಪು. ನಾವು ಬರೀ ತಿದ್ದೋದು."

ಆಗ್ಲಿಬಿಡಣ್ಣ ತಲೆ ಕೆರೆದುಕೊಂಡ. ಕೋಟೆಯ ಸೀಟಿ ಕಿವಿಯಲ್ಲಿ ಊದಿದಂತಾಯಿತು. "ಆಗ್ಲಿ ಬಿಡಿ," ಎಂದ.

ಬುಧವಾರ ಬೆಳಿಗ್ಗೆ ದರ್ಜಿ ಹೊಸ ಸಮವಸ್ತ್ರದ ಅಂಗಿ ತಂದುಕೊಟ್ಟ. ಕಾಲರ್ ತಗಡಿನಂತೆ ಸೆಟೆದು ನಿಂತಿತ್ತು.

"ಇದೇನೋ, ಕತ್ತು ತಿರುಗಲ್ವಲ್ಲೋ!"

"ಕತ್ತು ತಿರುಗೋದು ಕೆಳಗಿನೋರಿಗೆ ಅಣ್ಣಾ. ಮೇಲಿನೋರು ಪೂರ್ತಿ ಮೈ ತಿರುಗಿಸ್ತಾರೆ."

ಹೆಂಡತಿ ದೂರ ನಿಂತು ನೋಡಿ, "ಪರವಾಗಿಲ್ಲ, ಮದುವೆ ಫೋಟೋದಲ್ಲೂ ನೀವು ಇಷ್ಟು ನೆಟ್ಟಗೆ ನಿಂತಿಲ್ಲ," ಎಂದಳು. ಕಾಲರ್ ಎಡಗಡೆ ಕಿವಿಯ ಕೆಳಗೆ ಚುಚ್ಚುತ್ತಿತ್ತು. ಅವನು ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಹೋದ.

ಅಲ್ಲಿ ಪುಸ್ತಕ ಆಗಲೇ ತುಂಬಿತ್ತು. ತಿಂಗಳಿಗೆ ಸಾವಿರದ ಇನ್ನೂರು ಜನ. ಎಡಗೈಯಲ್ಲಿ, ಬಲಗೈಯಲ್ಲಿ, ನಾಲ್ಕು ಬಣ್ಣದ ಪೆನ್ನಿನಲ್ಲಿ ಮೂವರೂ ಸೇರಿ ಒಂದು ಪಟ್ಟಣವನ್ನೇ ಹುಟ್ಟಿಸಿದ್ದರು. ಅಭಿಪ್ರಾಯದ ಅಂಕಣದಲ್ಲಿ ದರ್ಜಿ ಪ್ರತಿಯೊಬ್ಬನ ಬಾಯಲ್ಲೂ 'ಗಾಳಿ ಅಳತೆಗೆ ಸರಿಯಾಗಿದೆ' ಎಂದು ಬರೆದಿದ್ದ. ಅಕ್ಕ ಬರೆದ ಪುಟಗಳಲ್ಲಿ ಬಂದವರೆಲ್ಲ ಎದುರಿನ ಅಂಗಡಿಯ ಚಹಾವನ್ನೂ ಹೊಗಳಿದ್ದರು. ಕ್ಷೌರದವನಿಗೆ ಮಾತ್ರ ಸ್ವಭಾವ ಬಿಡದು. 'ಕೂರಲು ಒಳ್ಳೆಯ ಕುರ್ಚಿ ಇಲ್ಲ, ಕಾವಲುಗಾರರ ಕೂದಲು ಕಿವಿ ಮೇಲೆ ಬಂದಿದೆ' ಎಂದು ಹದಿನಾರು ಕಡೆ ದೂರಿದ್ದ.

ಹನ್ನೊಂದಕ್ಕೆ ಇಲಾಖೆಯ ಅಧಿಕಾರಿ ಮೇಡಂ ಬಂದರು. ನಡುವಯಸ್ಸು, ನಡೆದು ಸವೆದ ಬೂಟು, ಕೈಯಲ್ಲಿ ಕೊಡೆ. ಮಾತು ಮೆಲ್ಲಗೆ. ಬಂದವರೇ ನೇರವಾಗಿ ಬಿರುಕಿನ ಮುಂದೆ ಹೋಗಿ ನಿಂತರು. ಗಾಳಿ ಅವರ ಹಣೆಗೂದಲನ್ನು ಮೆಲ್ಲಗೆ ಎತ್ತಿತು. ಅವರು ಕಣ್ಣು ಮುಚ್ಚಿಕೊಂಡರು.

"ಎಷ್ಟು ಚೆನ್ನಾಗಿದೆ!" ಎಂದರು. "ಇಷ್ಟು ವರ್ಷದಲ್ಲಿ ಅರವತ್ತು ಜಾಗ ನೋಡಿದೀನಿ. ಇಂಥದ್ದು ನೋಡಿಲ್ಲ. ಎಷ್ಟು ಶಾಂತವಾಗಿದೆ!"

ಶಾಂತಿ ಮುಗಿದದ್ದು ಅಲ್ಲಿಗೆ. ಗೇಟಿನಲ್ಲಿ ಗದ್ದಲವೆದ್ದಿತು. ಪುಸ್ತಕದಲ್ಲಿ ಮಾತ್ರ ಜನರಿದ್ದರೆ ಸಾಲದು, ಕಣ್ಣಿಗೂ ಕಾಣಬೇಕೆಂದು ನೆರೆಯವರು ತಮ್ಮತಮ್ಮಲ್ಲೇ ತೀರ್ಮಾನಿಸಿದ್ದರು. ಆಗ್ಲಿಬಿಡಣ್ಣನಿಗೆ ಇದನ್ನು ಹೇಳಿರಲಿಲ್ಲ. ಹೇಳಿದ್ದರೂ ಅವನ ಉತ್ತರ ಗೊತ್ತೇ ಇತ್ತಲ್ಲ.

ಮೊದಲು ಬಂದವನು ದರ್ಜಿ. ಕಪ್ಪು ಕನ್ನಡಕ, ಗಿರಾಕಿಯೊಬ್ಬರ ಕೋಟು. ಕೋಟಿಗೆ ಇನ್ನೂ ಒಂದೇ ತೋಳು. "ಆಹಾ, ನೂರಾರು ಮೈಲಿಯಿಂದ ಬಂದದ್ದಕ್ಕೂ ಸಾರ್ಥಕ!" ಎಂದು ಕೂಗಿ, ಸಹಿ ಹಾಕಿ, ಬಂಡೆಯ ಎಡಕ್ಕೆ ಹೋದ. ಹಿಂದೆ ಅಕ್ಕ, ಕೈಯಲ್ಲಿ ಹೊಸ ಛತ್ರಿ. ಅವಳ ಹಿಂದೆ ಅವಳ ನಾದಿನಿಯರು ಐವರು. ಕೊನೆಗೆ ಕ್ಷೌರದವನು, ಹೊಚ್ಚ ಹೊಸ ಪ್ಯಾಂಟಿನಲ್ಲಿ. ಎಲ್ಲರೂ ಬಂಡೆಯ ಎಡಕ್ಕೆ ಹೋಗಿ, ಹಿಂದೆ ಸುತ್ತಿ, ಟೋಪಿ ಬದಲಿಸಿ, ಮತ್ತೆ ಗೇಟಿನಿಂದ ಬಂದರು. ಗಾಣದೆತ್ತುಗಳೂ ಇಷ್ಟು ಶ್ರದ್ಧೆಯಿಂದ ಸುತ್ತಿರಲಾರವು.

ಮೇಡಂ ಬೆರಗಾಗಿ ನೋಡುತ್ತಿದ್ದರು. "ದಿನಾ ಹೀಗೇನಾ?"

ಆಗ್ಲಿಬಿಡಣ್ಣನಿಗೆ ಇಲ್ಲವೆಂದು ತಲೆಯಾಡಿಸುವ ಮನಸ್ಸಾಯಿತು. ಕಾಲರ್ ಬಿಡಲಿಲ್ಲ. ತಲೆ ಕೆಳಗೆ ಮೇಲೆ ಮಾತ್ರ ಆಡುತ್ತಿತ್ತು.

"ಹೌದಾ! ಇಷ್ಟು ಜನರ ನಡುವೆ ನೀವು ಒಂದು ಸಲ ಕೂಡ ಅತ್ತಿತ್ತ ನೋಡಲಿಲ್ಲ. ಏನು ಶಿಸ್ತು!"

ದರ್ಜಿ ಮೂರನೆಯ ಸುತ್ತು ಬರುವ ಹೊತ್ತಿಗೆ ಕೋಟಿನ ಬೆನ್ನ ಮೇಲೆ ಸೀಮೆಸುಣ್ಣದ ಗೆರೆಗಳು ಎದ್ದು ಕಾಣುತ್ತಿದ್ದವು, ಭುಜದಲ್ಲಿ ಗುಂಡುಸೂಜಿಗಳು ಹೊಳೆಯುತ್ತಿದ್ದವು. "ಈಗಿನ ಫ್ಯಾಷನ್ ಇರ್ಬೇಕು," ಎಂದು ಮೇಡಂ ತಮ್ಮಷ್ಟಕ್ಕೇ ಹೇಳಿಕೊಂಡರು.

ಅಷ್ಟರಲ್ಲಿ ಗೇಟಿನಿಂದ ಒಬ್ಬ ಅಸಲಿ ಮನುಷ್ಯ ಓಡಿಬಂದ. ಔಷಧದಂಗಡಿಯವನು. ಹೊಲಿಯಲು ಕೊಟ್ಟ ಪ್ಯಾಂಟು ತೆಗೆದುಕೊಂಡು ಹೋಗಲು ಬಂದವನು, ದರ್ಜಿಯಂಗಡಿ ಮುಚ್ಚಿದ್ದು ಕಂಡು ಇತ್ತ ಬಂದಿದ್ದ. ಬಂದವನ ಕಣ್ಣು ಕ್ಷೌರದವನ ಕಾಲುಗಳ ಮೇಲೆ ಬಿತ್ತು.

"ಏಯ್! ಅದು ನನ್ನ ಪ್ಯಾಂಟು!"

ಎಲ್ಲರೂ ಕಲ್ಲಾದರು. ಕ್ಷೌರದವನು ಬಾಗಿ ತನ್ನ ಕಾಲುಗಳನ್ನು ಮೊದಲ ಸಲ ನೋಡುವವನಂತೆ ನೋಡಿಕೊಂಡ. ಮಾತು ಹೊಳೆದದ್ದು ಅಕ್ಕನಿಗೆ.

"ಅಣ್ಣತಮ್ಮಂದಿರು ಮೇಡಂ," ಎಂದಳು ನಿಟ್ಟುಸಿರಿಟ್ಟು. "ಬಸ್ಸಲ್ಲೇ ಶುರುವಾಗಿತ್ತು. ಪ್ರವಾಸಕ್ಕೆ ಬಂದ ಮೇಲೂ ಪಾಲಿನ ಮಾತು ಬಿಡಲ್ಲ."

"ಯಾರ ಅಣ್ಣ, ಯಾರ ತಮ್ಮ? ನನಗೆ ಪ್ಯಾಂಟ್ ಬೇಕು!"

ದರ್ಜಿ ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದು ಕಿವಿಯಲ್ಲಿ ಏನೋ ಹೇಳಿದ. ಬಹುಶಃ ಇನ್ನೊಂದು ಪ್ಯಾಂಟಿನ ಮಾತು. ಔಷಧದವನು ಗೊಣಗುತ್ತಾ ಬಂದು ಪುಸ್ತಕದಲ್ಲಿ ಸಹಿ ಹಾಕಿದ. ಅಭಿಪ್ರಾಯದ ಅಂಕಣದಲ್ಲಿ 'ಅಣ್ಣನ ಕಾಲು ಸಣ್ಣದು' ಎಂದು ಬರೆದ. ಆಮೇಲೆ ಬಿರುಕಿನೆದುರು ಹೋಗಿ ನಿಂತವನು, "ಅರೆ, ಇಷ್ಟು ತಂಪಿದೆ! ಹತ್ತು ವರ್ಷದಿಂದ ಇದೇ ಊರಲ್ಲಿದೀನಿ, ನೋಡೇ ಇರ್ಲಿಲ್ಲ," ಎಂದ. ಆ ದಿನದ ಮಾತುಗಳಲ್ಲಿ ಅದೊಂದು ನಿಜವಾಗಿತ್ತು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಮೇಡಂ ಬೆಂಚಿನ ಮೇಲೆ ಕೂತು ಪುಸ್ತಕದ ಪುಟಗಳನ್ನು ತಿರುವಿದರು. ಒಂದು ಪುಟ, ಹತ್ತು ಪುಟ, ನಲವತ್ತು ಪುಟ. ಮುಖ ಬರಬರುತ್ತಾ ಇಳಿದುಹೋಯಿತು.

"ತಿಂಗಳಿಗೆ ಸಾವಿರದ ಇನ್ನೂರು ಜನ!"

"ಅಬ್ಬಾ, ಅಷ್ಟೇನಾ? ಜಾಸ್ತಿ ಇರ್ಬೇಕು," ಎಂದ ದರ್ಜಿ ಆಚೆಯಿಂದ. ಅವನ ಮಟ್ಟಿಗೆ ಅವನು ಇನ್ನೂ ನೂರಾರು ಮೈಲಿ ಆಚೆಯವನೇ.

ಮೇಡಂ ಪುಸ್ತಕ ಮುಚ್ಚಿದರು. "ನನಗೆ ನಿಜವಾಗಿ ಬೇಜಾರಾಗ್ತಿದೆ. ಈ ಜಾಗ ನಮ್ಮ ಪಟ್ಟಿಗೆ ಸೇರಲ್ಲ."

"ಯಾ... ಯಾಕೆ ಮೇಡಂ?"

"ಯಾಕೆ ಅಂದ್ರೆ? ಇದು ಜನ ಅಷ್ಟಾಗಿ ಕಾಣದ ಜಾಗಗಳ ಪಟ್ಟಿ ಅಲ್ವಾ. ಇರೋ ಹಾಗೇ ಉಳಿಸ್ಬೇಕು, ಇರೋ ಕಾವಲುಗಾರರೇ ಇರ್ಬೇಕು, ಒಂದು ಬೋರ್ಡ್ ಕೂಡ ಹೊಸದಾಗಿ ಹಾಕ್ಬಾರ್ದು, ಇದೇ ಯೋಜನೆ. ತಿಂಗಳಿಗೆ ಐವತ್ತು ಜನರ ಮೇಲೆ ಬರ್ಬಾರ್ದು. ಎರಡನೇ ಹಾಳೇಲಿ ಸ್ಪಷ್ಟವಾಗಿ ಬರ್ದಿದ್ನಲ್ಲ, ಓದ್ಲಿಲ್ವಾ?"

ಬಂಡೆಯ ಹಿಂದಿನಿಂದ ನಾಲ್ಕನೆಯ ಸುತ್ತಿಗೆ ಹೊರಟಿದ್ದ ನಾದಿನಿಯರು ಹಾಗೇ ನಿಂತುಬಿಟ್ಟರು.

"ಇಷ್ಟು ಜನ ಬರೋ ಕಡೆ ಬೇರೆ ಕ್ರಮ," ಎಂದು ಮೇಡಂ ಬರೆಯುತ್ತಲೇ ಹೇಳಿದರು. "ಬಿರುಕಿಗೆ ಅಡ್ಡ ಗಾಜು ಹಾಕ್ತೀವಿ, ಇಲ್ಲಾಂದ್ರೆ ಎಲ್ಲರೂ ಮುಟ್ಟಿ ಮುಟ್ಟಿ ಹಾಳಾಗತ್ತೆ. ಕಲ್ಲಿನ ಕೋಣೆಗೆ ಬೀಗ. ಗೇಟಿಗೆ ಜನ ಎಣಿಸೋ ಯಂತ್ರ ಬರತ್ತೆ. ಕಾವಲುಗಾರರು ಬೇಕಾಗಲ್ಲ."

ಅಕ್ಕ ಛತ್ರಿ ಮಡಚಿದಳು. ಒಳಗಿದ್ದ ಹಾಲಿನ ಕ್ಯಾನಿನ ಕಡೆ ಅವಳ ಕಣ್ಣು ಹೋಯಿತು.

ಆಗ್ಲಿಬಿಡಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಬದುಕಿನಲ್ಲಿ ಮೊದಲ ಸಲ ಒಂದು ಮಾತಿಗೆ ಅಡ್ಡ ಬರಲು ಬಾಯಿ ತೆರೆದ. "ಮೇಡಂ, ಇಲ್ಲ ಮೇಡಂ! ಅಷ್ಟೆಲ್ಲ ಜನ ಬರಲ್ಲ. ತಿಂಗಳಿಗೆ ನಾಲ್ಕು ಬಂದ್ರೆ ಹೆಚ್ಚು. ಅದರಲ್ಲೂ ಒಬ್ಬ ಆಡಿನೋನು."

"ವಿನಯ ಮೇಡಂ, ಇವರಿಗೆ ತುಂಬಾ ವಿನಯ!" ಎಂದು ಕ್ಷೌರದವನು ದೂರದಿಂದ ಕೂಗಿದ. ಅವನು ಅಷ್ಟು ಹೊತ್ತು ಬಂಡೆಯ ಹಿಂದಿದ್ದುದರಿಂದ ಗಾಜಿನ ಸುದ್ದಿ ಅವನಿಗಿನ್ನೂ ಮುಟ್ಟಿರಲಿಲ್ಲ. "ನಾವೇ ಐದನೇ ಸಲ ಬರ್ತಿದೀವಿ!"

ಮೇಡಂ ಪೆನ್ನು ನಿಲ್ಲಿಸಿ, ಆಗ್ಲಿಬಿಡಣ್ಣನನ್ನು ದಿಟ್ಟಿಸಿ ನೋಡಿದರು. "ನಾಲ್ಕು ಜನ ಅಂದ್ರೆ? ಹಾಗಾದ್ರೆ ಈ ಪುಸ್ತಕ ಸುಳ್ಳಾ? ಸರ್ಕಾರಿ ಪುಸ್ತಕದಲ್ಲಿ ಸುಳ್ಳು ಬರ್ದಿದ್ರೆ ಏನಾಗತ್ತೆ ಗೊತ್ತಲ್ಲ? ಕೆಲಸಾನೂ ಹೋಗತ್ತೆ, ಪಿಂಚಣೀನೂ ಹೋಗತ್ತೆ. ಏನಂದ್ರಿ? ಇನ್ನೊಂದ್ಸಲ ಹೇಳಿ."

ಗಾಳಿ ತಣ್ಣಗೆ ಬೀಸುತ್ತಿತ್ತು. ಆದರೂ ಆಗ್ಲಿಬಿಡಣ್ಣನ ಬೆನ್ನ ಮೇಲೆ ಬೆವರು ಇಳಿಯಿತು. ಕಾಲರ್ ಒದ್ದೆಯಾಗಿ ಇನ್ನಷ್ಟು ಚುಚ್ಚಿತು. ಅವನು ಪೂರ್ತಿ ಮೈ ತಿರುಗಿಸಿ ದರ್ಜಿಯನ್ನು ನೋಡಿದ, ಅಕ್ಕನನ್ನು ನೋಡಿದ. ಇಬ್ಬರೂ ಬಂಡೆಯ ತುದಿಯನ್ನು ನೋಡುತ್ತಿದ್ದರು.

"ಏನಿಲ್ಲ ಮೇಡಂ," ಎಂದ. "ಆಗ್ಲಿ ಬಿಡಿ."

"ಅದೇ ಅಂದ್ಕೊಂಡೆ." ಮೇಡಂ ಅವರ ಮುಖ ಮತ್ತೆ ಅರಳಿತು. ಬ್ಯಾಗಿನಿಂದ ಇನ್ನೊಂದು ದಪ್ಪ ಕಾಗದ ತೆಗೆದು, ಬರೆದು, ಸಹಿ ಮಾಡಿ ಕೈಗಿತ್ತರು. "ಬೇಜಾರು ಮಾಡ್ಕೋಬೇಡಿ. ಇಷ್ಟು ಜನಾನ ಒಂದು ಕೂಗೂ ಇಲ್ದೆ, ಅತ್ತಿತ್ತ ನೋಡ್ದೆ ನಿಭಾಯಿಸ್ತೀರಲ್ಲ, ನಿಮ್ಮಂಥೋರು ನಮಗೆ ಬೇಕು. ದೊಡ್ಡ ಕೋಟೆ ಬಾಗಿಲಿಗೆ ಹಾಕಿದೀನಿ. ಮುಂದಿನ ತಿಂಗಳಿಂದ. ಸೀಟಿ ಅವರೇ ಕೊಡ್ತಾರೆ."

ಸಂಜೆ ಮನೆಗೆ ಬಂದವನ ಮುಖವೇ ಎಲ್ಲ ಹೇಳುತ್ತಿತ್ತು. ಹೆಂಡತಿ ಕೇಳಿದ್ದು ಒಂದೇ: "ಕತ್ತೇನು ಹೀಗೆ ಕೆಂಪಾಗಿದೆ? ಕೊಡಿ ಇಲ್ಲಿ, ಆ ಕಾಲರ್ ಬಿಚ್ಚಿ ಸರಿ ಮಾಡ್ತೀನಿ."

ಕತ್ತರಿಯಿಂದ ಹೊಲಿಗೆ ಬಿಚ್ಚಿದಳು. ಒಳಗೆ ಗಟ್ಟಿ ನಿಲ್ಲಲೆಂದು ಹಾಕುವ ಬಕ್ರಂ ಬಟ್ಟೆ ಇರಬೇಕಾದ ಕಡೆ ನಾಲ್ಕು ಮಡಿಕೆಯ ದಪ್ಪ ಕಾಗದವಿತ್ತು. ಬೆವರಿಗೆ ಮೆತ್ತಗಾಗಿತ್ತು, ಆದರೆ ಅಕ್ಷರ ಅಳಿಸಿರಲಿಲ್ಲ. ಆಗ್ಲಿಬಿಡಣ್ಣ ಮಡಿಕೆ ಬಿಡಿಸಿ ಅದನ್ನು ಮೇಜಿನ ಮೇಲೆ ಹರಡಿದ. ಕನ್ನಡಕ ಒರೆಸಿಕೊಳ್ಳುವಾಗ ಈ ಸಲ ಇನ್ನೊಂದು ಕೈಯಲ್ಲಿ ಕಾಗದವನ್ನು ಒತ್ತಿ ಹಿಡಿದಿದ್ದ.

'...ಐವತ್ತನ್ನು ಮೀರಿರತಕ್ಕದ್ದಲ್ಲ,' ಎಂದಿತ್ತು.

ದರ್ಜಿಯನ್ನು ಕರೆಸಿ ಕೇಳಿದಾಗ ಅವನು ಮೊದಲು ಕೆಮ್ಮಿದ. "ಬೆಂಚಿನ ಕೆಳಗೆ ಬಿದ್ದಿತ್ತು ಅಣ್ಣಾ. ರದ್ದಿ ಅಂದ್ಕೊಂಡೆ. ನೀನು ಹುಡುಕೋಕೆ ಶುರು ಮಾಡೋ ಹೊತ್ತಿಗೆ ಹೊಲಿದಾಗಿತ್ತು. ಬಿಚ್ಚಿದ್ರೆ ಕಾಲರ್ ಕೆಡ್ತಿತ್ತು." ಸ್ವಲ್ಪ ತಡೆದು, "ಆದ್ರೂ ಹೇಗೆ ಸೆಟೆದು ನಿಂತಿತ್ತು ನೋಡ್ದೆ ಅಲ್ವಾ? ಅಂಥ ಕಾಗದ ಅಂಗಡೀಲಿ ಸಿಗಲ್ಲ," ಎಂದ.

ಆಗ್ಲಿಬಿಡಣ್ಣ ವರ್ಗಾವಣೆಯ ಕಾಗದವನ್ನು ಕೈಗೆತ್ತಿಕೊಂಡ. ಎದ್ದು ಬಂಡೆಯ ಹತ್ತಿರ ಹೋದ. ಬಿಸಿಲು ಪೂರ್ತಿ ಇಳಿದಿತ್ತು. ಬಂಡೆ ಉಸಿರೆಳೆದುಕೊಳ್ಳುತ್ತಿತ್ತು. ವರ್ಗಾವಣೆಯ ಕಾಗದವನ್ನು ಬಿರುಕಿನೆದುರು ಹಿಡಿದು ಬೆರಳು ಸಡಿಲಿಸಿದ. ಅದು ಒಂದು ಸಲ ಪಟಪಟನೆ ಬಡಿದು, ಒಳಗೆ ಜಾರಿ, ಕತ್ತಲಲ್ಲಿ ಕಾಣದಾಯಿತು. ಅವನಿಗೆ ಎದೆ ಹಗುರವಾಯಿತು. ಒಂದು ಹಾಳೆಯನ್ನು ಕೊಡದ ಬಂಡೆ ಇದನ್ನೂ ಕೊಡದಿರಲಿ ಎಂದುಕೊಂಡ. ಆ ಹಾಳೆ ಬಂಡೆಯೊಳಗೆ ಹೋಗಿಯೇ ಇರಲಿಲ್ಲವೆಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ, ಕ್ಷೌರದವನು, ದರ್ಜಿ, ಮೂವರೂ ಚಹಾದ ಲೋಟ ಹಿಡಿದು ಅವನ ಜೊತೆ ಬೆಂಚಿನ ಮೇಲೆ ಕೂತಿದ್ದರು. ಬಿಸಿಲೇರಿತು. ಬಂಡೆ ಎಂದಿನಂತೆ ನಿಧಾನವಾಗಿ ಉಸಿರು ಬಿಟ್ಟಿತು. ಎರಡು ಒಣಗಿದೆಲೆ ಬಂದವು. ಅವುಗಳ ಹಿಂದೆಯೇ ವರ್ಗಾವಣೆಯ ಕಾಗದ ತೇಲಿ ಬಂದು, ಆಗ್ಲಿಬಿಡಣ್ಣನ ಪಾದದ ಮೇಲೆ ತಣ್ಣಗೆ ಕೂತಿತು. ಒಂದು ಮಡಿಕೆಯೂ ಆಗಿರಲಿಲ್ಲ.

ದರ್ಜಿ ಬಾಗಿ ಅದನ್ನೆತ್ತಿದ. ಎರಡು ಬೆರಳಿನ ನಡುವೆ ಉಜ್ಜಿ ನೋಡಿದ. ಬೆಳಕಿಗೆ ಹಿಡಿದು ಮತ್ತೆ ನೋಡಿದ.

"ಅಣ್ಣಾ," ಎಂದ ಮೆಲ್ಲಗೆ, "ಕೋಟೆ ಕೆಲಸಕ್ಕೆ ಇನ್ನೊಂದು ಅಂಗಿ ಬೇಕಾಗತ್ತಲ್ಲ. ಇದು ಹೋದ ಸಲದ್ದಕ್ಕಿಂತ ದಪ್ಪ ಇದೆ. ಹಾಕಿ ಹೊಲಿಯಲಾ?"

ಆಗ್ಲಿಬಿಡಣ್ಣ ಅವನನ್ನು ನೋಡಿದ. ಬಂಡೆಯನ್ನು ನೋಡಿದ. ಬೇಡವೆಂದು ಹೇಳಲು ಬಾಯಿ ತೆರೆದ. ಕಾಲರಿಲ್ಲದ ಕತ್ತು ಈಗ ಎತ್ತ ಬೇಕಾದರೂ ತಿರುಗುತ್ತಿತ್ತು.

"ಆಗ್ಲಿ ಬಿಡು," ಎಂದ.